ಹಳೇ ಕಾಲದ ಲೆಗೋ ನೌಕೆ ಬೇಕಾ, ರೋವರ್ ಬೇಕಾ? ದುಡ್ಡು ಹಾಕುವ ಮುಂಚೆ ಒಂದು ಲೆಕ್ಕ

ನೀಲಿ ರೆಕ್ಕೆ, ಬೂದು ಮೈ, ಹಳದಿ ಗಾಜು. ಒಳಗೆ ಕೆಂಪು ಉಡುಪಿನ ಪುಟ್ಟ ಗಗನಯಾತ್ರಿ. ಮುಖದಲ್ಲಿ ಎರಡು ಚುಕ್ಕಿ ಕಣ್ಣು, ಒಂದು ನಗು, ಅಷ್ಟೇ. ಎದೆಯ ಮೇಲೆ ಗ್ರಹವನ್ನು ಸುತ್ತುವ ನೌಕೆಯ ಗುರುತು. ಪ್ಲಾಸ್ಟಿಕ್ ಬ್ರಿಕ್ ಜೋಡಿಸುವ ಆಟಿಕೆಯ ಕಂಪನಿ ಲೆಗೋ 1978ರಲ್ಲಿ ಶುರುಮಾಡಿದ ಬಾಹ್ಯಾಕಾಶದ ಸೆಟ್‌ಗಳು ಇದ್ದದ್ದು ಹೀಗೆ. ಇವತ್ತಿಗೂ ಈ ನೋಟ ಕಂಡರೆ ಕೈ ತಾನಾಗಿ ಬ್ರಿಕ್ ಡಬ್ಬದ ಕಡೆ ಹೋಗುತ್ತದೆ.

ಇದನ್ನು ಕಟ್ಟಬೇಕು ಅಂತ ಆಸೆಪಟ್ಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಹಳೆಯ ಅಸಲಿ ಸೆಟ್ಟನ್ನೇ ಹುಡುಕಿ ಕೊಳ್ಳಲಾ? ಈಚೆಗೆ ಬಂದಿರುವ ಹೊಸ ಆವೃತ್ತಿ ಸಾಕಾ? ಮನೇಲಿರೋ ತುಂಡುಗಳಿಂದ ನಾನೇ ಕಟ್ಟಿದರೆ ಆಗುತ್ತಾ? ಬೇರೆ ಬ್ರ್ಯಾಂಡಿನ ಅಗ್ಗದ ಬ್ರಿಕ್ ಪರವಾಗಿಲ್ವಾ? ಇದೆಲ್ಲ ಆದಮೇಲೆ ಇನ್ನೊಂದು: ಮೊದಲು ನೌಕೆ ಕಟ್ಟೋದಾ, ರೋವರ್ ಕಟ್ಟೋದಾ?

ನನ್ನ ಅನುಭವದ ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಹಳೇ ನೋಟ ಇರುವುದು ಬೆರಳೆಣಿಕೆಯ ತುಂಡುಗಳಲ್ಲಿ. ಬಣ್ಣದ ಗಾಜು, ಗಗನಯಾತ್ರಿ, ಆಂಟೆನಾ ಮತ್ತು ಡಿಶ್‌ನಂಥ ತಟ್ಟೆ, ಗುರುತು ಅಚ್ಚಾದ ಒಂದು ಬ್ರಿಕ್, ಹೊಂದುವ ಚಕ್ರ. ಇವು ಸರಿಯಾಗಿದ್ದರೆ ಉಳಿದ ಮೈಯನ್ನು ಯಾವ ಡಬ್ಬದಿಂದ ತೆಗೆದು ಕಟ್ಟಿದರೂ ಕಣ್ಣು ಒಪ್ಪಿಕೊಳ್ಳುತ್ತದೆ. ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು ಅನ್ನೋ ಲೆಕ್ಕ ಶುರುವಾಗುವುದೇ ಇಲ್ಲಿಂದ.

ಯಾವುದರಿಂದ ಅಳೆಯೋದು

ಆಯ್ಕೆಗೆ ಕೂರುವ ಮುಂಚೆ ಕೆಲವು ವಿಷಯ ಮನಸ್ಸಲ್ಲಿ ಗಟ್ಟಿ ಮಾಡಿಕೊಳ್ಳಿ.

ಮೊದಲನೆಯದು, ಕಟ್ಟಿದ ಮೇಲೆ ಅದು ಏನಾಗಬೇಕು? ಕಪಾಟಿನಲ್ಲಿ ನಿಲ್ಲಬೇಕಾ, ಕೈಯಲ್ಲಿ ಹಿಡಿದು ಮನೆಯೆಲ್ಲ ಹಾರಿಸಬೇಕಾ, ಅಥವಾ ಬಿಚ್ಚಿ ಮತ್ತೆ ಇನ್ನೊಂದು ಕಟ್ಟಬೇಕಾ? ಮೂರಕ್ಕೂ ಬೇರೆ ಬೇರೆ ಉತ್ತರ. ಕಪಾಟಿಗೆ ಚೆಂದ ಕಾಣುವ ನೌಕೆ ಕೈಗೆ ಸಿಕ್ಕಾಗ ರೆಕ್ಕೆ ಕಳಚಿಕೊಳ್ಳಬಹುದು.

ಎರಡನೆಯದು ಗಟ್ಟಿತನ. ರೆಕ್ಕೆ ಹಿಡಿದು ಎತ್ತಿದರೆ ಬಾಗಬಾರದು. ರೋವರನ್ನು ತಳ್ಳಿದರೆ ಚಕ್ರ ಸಲೀಸಾಗಿ ತಿರುಗಬೇಕು.

ಮೂರನೆಯದು ಬಣ್ಣ. ಇದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಲೆಗೋ ತನ್ನ ಬೂದು ಬಣ್ಣಗಳನ್ನು 2004ರ ಹೊತ್ತಿಗೆ ಬದಲಾಯಿಸಿತು. ಹಳೆಯ ಬೂದು ಬಣ್ಣದಲ್ಲಿ ಸ್ವಲ್ಪ ಹಳದಿ ಛಾಯೆ ಇತ್ತು, ಹೊಸದರಲ್ಲಿ ನೀಲಿ ಛಾಯೆ ಇದೆ. ಬೇರೆ ಬೇರೆ ಇಟ್ಟರೆ ಎರಡೂ ಚೆಂದ. ಒಂದೇ ರೆಕ್ಕೆಯಲ್ಲಿ ಬೆರೆಸಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ.

ನಾಲ್ಕನೆಯದು ಖರ್ಚು. ಬರೀ ಒಟ್ಟು ಬೆಲೆ ನೋಡಬೇಡಿ. ಕೊಂಡ ತುಂಡುಗಳು ಮುಂದಿನ ಮಾಡೆಲ್‌ಗೆ ಎಷ್ಟು ಉಪಯೋಗಕ್ಕೆ ಬರುತ್ತವೆ ಅನ್ನೋದನ್ನೂ ನೋಡಿ. ಸಾಧಾರಣ ಬ್ರಿಕ್ಕು, ಪ್ಲೇಟು (ತೆಳ್ಳನೆಯ ಚಪ್ಪಟೆ ಬ್ರಿಕ್) ಎಲ್ಲಿಗೂ ಸಲ್ಲುತ್ತವೆ. ಒಂದೇ ನೌಕೆಗೆ ಅಂತ ಮಾಡಿದ ದೊಡ್ಡ ತುಂಡು ಅಲ್ಲಿಗೇ ಮುಗಿಯಿತು.

ಕೊನೆಯದಾಗಿ ಜಾಗ ಮತ್ತು ಸಮಯ. ಅರ್ಧ ಮೀಟರ್ ಉದ್ದದ ನೌಕೆ ಇಡಲು ಕಪಾಟಿನ ಒಂದು ಹಲಗೆ ಪೂರ್ತಿ ಬೇಕು. ಅಂಗೈ ಅಗಲದ ರೋವರ್ ಮೇಜಿನ ಮೂಲೆಯಲ್ಲಿ ಇರುತ್ತದೆ.

ನೌಕೆಯೋ, ರೋವರೋ

ಮೊದಲ ಬಾರಿ ಸ್ವಂತವಾಗಿ ಕಟ್ಟುವವರಿಗೆ ನಾನು ರೋವರ್ ಅಂತಲೇ ಹೇಳುತ್ತೇನೆ. ಕಾರಣ ಸರಳ. ರೋವರ್ ನೆಲದ ಮೇಲೆ ನಿಲ್ಲುತ್ತದೆ. ಅದರ ಭಾರವನ್ನು ಚಕ್ರಗಳೇ ಹೊರುತ್ತವೆ. ನೌಕೆಯಲ್ಲಿ ಹಾಗಲ್ಲ. ರೆಕ್ಕೆ ಎರಡೂ ಕಡೆ ಆಧಾರ ಇಲ್ಲದೆ ಚಾಚಿಕೊಂಡಿರುತ್ತದೆ. ಅದರ ಭಾರ ಪೂರ್ತಿ ಬೀಳುವುದು ರೆಕ್ಕೆ ಮೈಗೆ ಸೇರುವ ಒಂದು ಗೆರೆಯ ಮೇಲೆ. ಒಂದೇ ಪದರ ಪ್ಲೇಟಿನಲ್ಲಿ ರೆಕ್ಕೆ ಮಾಡಿದರೆ ಅದು ಆ ಗೆರೆಯಲ್ಲೇ ಜೋತುಬೀಳುತ್ತದೆ. ಎರಡು ಪದರ ಬೇಕು. ಮೇಲಿನ ಪದರದ ಸಂದು ಕೆಳಗಿನ ಪದರದ ಸಂದಿನ ಮೇಲೆ ಬರಬಾರದು. ಗೋಡೆ ಕಟ್ಟುವವರು ಇಟ್ಟಿಗೆಯ ಸಂದು ತಪ್ಪಿಸಿ ಇಡುತ್ತಾರಲ್ಲ, ಹಾಗೆ. ನೌಕೆ ದೊಡ್ಡದಾದರೆ ಅದೂ ಸಾಲದು, ಮೈಯ ಒಳಗೆ ತೂತಿರುವ ಟೆಕ್ನಿಕ್ ಬ್ರಿಕ್‌ಗಳ ಬೆನ್ನೆಲುಬು ಹಾಕಲೇಬೇಕು.

ರೋವರ್‌ಗೆ ತುಂಡುಗಳೂ ಕಮ್ಮಿ ಸಾಕು. ಅರವತ್ತು ಎಪ್ಪತ್ತು ಪೀಸಿನಲ್ಲಿ ಒಬ್ಬ ಗಗನಯಾತ್ರಿ ಕೂರುವ ಚೆಂದದ ಗಾಡಿ ಆಗುತ್ತದೆ. ಅದೇ ಗಗನಯಾತ್ರಿ ಕೂರುವ ನೌಕೆಗೆ, ರೆಕ್ಕೆ ಸೇರಿ, ಇದರ ಎರಡು ಮೂರು ಪಟ್ಟು ಬೇಕಾಗಬಹುದು.

ಆದರೆ ರೋವರ್‌ನಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಬ್ರಿಕ್ ಮೇಲಿನ ಗುಂಡನೆಯ ಉಬ್ಬಿಗೆ ಸ್ಟಡ್ ಅನ್ನುತ್ತಾರೆ. ಲೆಗೋದ ಅಳತೆ ಹೀಗೆ: ಒಂದು ಸ್ಟಡ್‌ನಿಂದ ಪಕ್ಕದ ಸ್ಟಡ್‌ಗೆ 8 ಮಿ.ಮೀ. ಬ್ರಿಕ್‌ನ ಎತ್ತರ 9.6 ಮಿ.ಮೀ., ಪ್ಲೇಟ್‌ನ ಎತ್ತರ 3.2 ಮಿ.ಮೀ. ಅಂದರೆ ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್. ಈಗ ಎರಡು ಸ್ಟಡ್ ಅಗಲ, ಹತ್ತು ಸ್ಟಡ್ ಉದ್ದದ ಒಂದು ಪ್ಲೇಟ್ ತಗೊಳ್ಳಿ. ಅದರ ಅಡಿಯಲ್ಲಿ ಮುಂದೆ ಒಂದು, ನಡುವೆ ಒಂದು, ಹಿಂದೆ ಒಂದು ಚಕ್ರದ ಪ್ಲೇಟ್ ಒತ್ತಿ ಕೂರಿಸಿ. ಚಕ್ರದ ಪ್ಲೇಟ್ ಅಂದರೆ ಎರಡೂ ಬದಿಯಲ್ಲಿ ಮೊಳೆಯಂಥ ಕಡ್ಡಿ ಇರುವ 2×2 ಪ್ಲೇಟ್. ಆ ಕಡ್ಡಿಯೇ ಚಕ್ರದ ಅಚ್ಚು. ಒಂದು ಅಚ್ಚಿನಿಂದ ಇನ್ನೊಂದಕ್ಕೆ ನಾಲ್ಕು ಸ್ಟಡ್ ದೂರ, ಅಂದರೆ 32 ಮಿ.ಮೀ. ಹಾಗಾಗಿ 24 ಮಿ.ಮೀ. ವ್ಯಾಸದ ಚಕ್ರ ಹಾಕಿದರೆ ಒಂದಕ್ಕೊಂದು ತಾಗುವುದಿಲ್ಲ, ನಡುವೆ ಒಂದು ಸ್ಟಡ್‌ನಷ್ಟು ಜಾಗ ಉಳಿಯುತ್ತದೆ.

ಇಲ್ಲಿಯವರೆಗೆ ಎಲ್ಲ ಸರಿ. ಈಗ ಇದರ ಮೇಲೆ ನೇರವಾಗಿ ಆರು ಸ್ಟಡ್ ಅಗಲದ ಮೈ ಕೂರಿಸಿದಿರಿ ಅಂದುಕೊಳ್ಳಿ. ಮೈ ಚಕ್ರಗಳ ಮೇಲಕ್ಕೆ ಚಾಚುತ್ತದೆ. ಚಕ್ರದ ನೆತ್ತಿ ಮೈಯ ಅಡಿಗೆ ಒತ್ತಿಕೊಳ್ಳುತ್ತದೆ. ಗಾಡಿ ತಳ್ಳಿದರೆ ಚಕ್ರ ತಿರುಗುವುದಿಲ್ಲ, ಮೇಜಿನ ಮೇಲೆ ಎಳೆದುಕೊಂಡು ಹೋಗುತ್ತದೆ. ನನ್ನ ಮೊದಲ ರೋವರ್ ಹೀಗೇ ಆಗಿತ್ತು. ಚಕ್ರ ಕೆಟ್ಟಿದೆ ಅಂತ ನಾಲ್ಕು ಸಲ ಬದಲಾಯಿಸಿದೆ. ಕೆಟ್ಟಿದ್ದು ಎತ್ತರದ ಲೆಕ್ಕ.

ಪರಿಹಾರ ಒಂದು ಬ್ರಿಕ್‌ನಷ್ಟೇ. ಬೆನ್ನೆಲುಬಿನಂಥ ಆ ಉದ್ದದ ಪ್ಲೇಟ್ ಮೇಲೆ ಎರಡು ಸ್ಟಡ್ ಅಗಲದ್ದೇ ಒಂದು ಸಾಲು ಬ್ರಿಕ್ ಕೂರಿಸಿ, ಆಮೇಲೆ ಅಗಲದ ಮೈ ಶುರುಮಾಡಿ. ಆಗ ಅಚ್ಚಿನಿಂದ ಮೈಯ ಅಡಿಗೆ ಸುಮಾರು 14 ಮಿ.ಮೀ. ಸಿಗುತ್ತದೆ. 24 ಮಿ.ಮೀ. ಚಕ್ರದ ಅರ್ಧ 12. ಎರಡು ಮಿಲಿಮೀಟರ್ ಸಂದು. ಬೆರಳಿನಿಂದ ಮೆಲ್ಲಗೆ ತಟ್ಟಿದರೂ ಸಾಕು, ಗಾಡಿ ಮೇಜಿನ ಆ ತುದಿಗೆ ಹೋಗುತ್ತದೆ.

ಚಕ್ರ ಎಷ್ಟಿರಬೇಕು ಅನ್ನೋದಕ್ಕೆ ನಿಜವಾದ ರೋವರ್‌ಗಳನ್ನೇ ನೋಡಬಹುದು. 1970ರಲ್ಲಿ ಚಂದ್ರನ ಮೇಲೆ ಓಡಿದ ಸೋವಿಯತ್ ಲೂನೊಖೋದ್ 1ಕ್ಕೆ ಎಂಟು ಚಕ್ರ. 1971ರಲ್ಲಿ ಅಪೊಲೊ 15ರ ಯಾತ್ರಿಗಳು ಓಡಿಸಿದ ಗಾಡಿಗೆ ನಾಲ್ಕು. 1997ರಲ್ಲಿ ಮಂಗಳಕ್ಕೆ ಇಳಿದ ಸೋಜರ್ನರ್‌ಗೂ, 2023ರಲ್ಲಿ ಚಂದ್ರನ ಮೇಲೆ ಇಳಿದ ಪ್ರಜ್ಞಾನ್‌ಗೂ ಆರು. ಕಟ್ಟಲು ಸುಲಭ ನಾಲ್ಕು, ನೋಡಲು ಚೆಂದ ಆರು. ಎಂಟು ಹಾಕಿದರೆ ಗಾಡಿ ಉದ್ದ ಆಗುತ್ತದೆ. ಹಾಗಾಗಿ ಅದನ್ನು ಎರಡು ತುಂಡು ಮಾಡಿ ನಡುವೆ ಹಿಂಜ್, ಅಂದರೆ ಮಡಚುವ ಕೀಲು, ಹಾಕಿ. ಪುಸ್ತಕದ ಅಂಚು ಹತ್ತುವಾಗ ಮುಂದಿನ ಅರ್ಧ ಮೇಲೆದ್ದು ಹಿಂದಿನದು ನೆಲಕ್ಕೆ ಅಂಟಿಕೊಂಡಿರುತ್ತದಲ್ಲ, ಅದನ್ನು ನೋಡುವ ಸುಖಕ್ಕೇ ಕಟ್ಟಬೇಕು.

ಹಾಗಾದರೆ ನೌಕೆ ಯಾರಿಗೆ? ಆಕಾರ ಇಷ್ಟಪಡುವವರಿಗೆ. ಮೊನಚಾದ ಮೂತಿ, ಹಿಂದಕ್ಕೆ ಓರೆಯಾದ ರೆಕ್ಕೆ, ಬಾಲದಲ್ಲಿ ಎಂಜಿನ್‌ಗಳ ಸಾಲು, ಇವನ್ನು ಹೊಂದಿಸುವುದರಲ್ಲಿ ಬೇರೆಯೇ ಆನಂದ ಇದೆ. ರೋವರ್‌ನಲ್ಲಿ ಯಂತ್ರದ ಆಟ ಜಾಸ್ತಿ, ನೌಕೆಯಲ್ಲಿ ಗೆರೆಗಳ ಆಟ ಜಾಸ್ತಿ. ಜಗತ್ತಿನಾದ್ಯಂತ ಹವ್ಯಾಸಿಗಳು ಫೆಬ್ರವರಿ ತಿಂಗಳನ್ನು ರೋವರ್ ಕಟ್ಟಲು ಮೀಸಲಿಟ್ಟು ಅದನ್ನು ಫೆಬ್ರೋವರಿ ಅಂತ ಕರೆಯುತ್ತಾರೆ. ಸೆಪ್ಟೆಂಬರ್‌ನಲ್ಲಿ ದೊಡ್ಡ ನೌಕೆಗಳ ಶಿಪ್ಟೆಂಬರ್. ಅಲ್ಲಿ ನೌಕೆ ಕನಿಷ್ಠ 100 ಸ್ಟಡ್ ಉದ್ದ ಇರಬೇಕು, ಅಂದರೆ 80 ಸೆಂ.ಮೀ. ಎರಡೂ ತಿಂಗಳ ಕೆಲಸ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ರೋವರ್ ಒಂದು ಸಂಜೆಯದು. ಅಷ್ಟು ದೊಡ್ಡ ನೌಕೆ ಇಡೀ ತಿಂಗಳಿನದು.

ಇವೆರಡರ ನಡುವೆ ಇನ್ನೊಂದು ದಾರಿ ಇದೆ, ಪುಟಾಣಿ ಅಳತೆಯ ನೌಕೆ. ಗಗನಯಾತ್ರಿ ಒಳಗೆ ಕೂರುವುದಿಲ್ಲ. ಒಂದು ಸಣ್ಣ ಹಳದಿ ಗಾಜಿನ ತುಂಡೇ ಕಾಕ್‌ಪಿಟ್. ಮೂವತ್ತು ನಲವತ್ತು ಪೀಸ್ ಸಾಕು, ಅಂಗೈಯಲ್ಲಿ ಇಡೀ ನೌಕಾಪಡೆ ನಿಲ್ಲಿಸಬಹುದು. ಕೈಯಲ್ಲಿ ದುಡ್ಡು ಕಮ್ಮಿ ಇದ್ದು ನೌಕೆಯೇ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಕಾಣೆ.

ಹಳೆಯ ಅಸಲಿ ಸೆಟ್

ಈಗ ತುಂಡುಗಳು ಎಲ್ಲಿಂದ ಅನ್ನೋ ಪ್ರಶ್ನೆ. ಹಳೆಯ ಸೆಟ್‌ಗಳ ರಾಜ ಅಂದರೆ 1979ರ ಗ್ಯಾಲಕ್ಸಿ ಎಕ್ಸ್‌ಪ್ಲೋರರ್. ಯೂರೋಪಿನಲ್ಲಿ ಅದರ ನಂಬರ್ 928, ಅಮೆರಿಕದಲ್ಲಿ 497. ಪೀಸ್ 338, ಗಗನಯಾತ್ರಿಗಳು ನಾಲ್ಕು. ಹಿಂದಿನ ಬಾಗಿಲು ತೆಗೆದರೆ ಒಳಗೊಂದು ಪುಟ್ಟ ರೋವರ್. ನೌಕೆ ಮತ್ತು ರೋವರ್ ಒಂದೇ ಪೆಟ್ಟಿಗೆಯಲ್ಲಿ, ಯೋಚಿಸಿ!

ಈ ಸೆಟ್ ಕೈಗೆ ಬಂದಾಗ ಆಗುವ ಖುಷಿಯನ್ನು ಯಾವ ಹೊಸ ಸೆಟ್ಟೂ ಕೊಡುವುದಿಲ್ಲ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕೊಳ್ಳುವಾಗ ಕಣ್ಣು ಚುರುಕಾಗಿರಬೇಕು.

ಗಾಜನ್ನು ಮೊದಲು ನೋಡಿ. ಹಳದಿ ಪಾರದರ್ಶಕ ತುಂಡುಗಳು ಗೀಚಿಕೊಂಡಿರುತ್ತವೆ, ಅಂಚಿನಲ್ಲಿ ಕೂದಲೆಳೆಯ ಬಿರುಕು ಇರುತ್ತದೆ. ಒಮ್ಮೆ ನಾನು ಒಬ್ಬರಿಂದ ಹಳೆಯ ತುಂಡುಗಳ ಒಂದು ಗಂಟು ಕೊಂಡೆ. ಫೋಟೋದಲ್ಲಿ ಗಾಜು ಹೊಳೆಯುತ್ತಿತ್ತು. ಮನೆಗೆ ತಂದು, ತೊಳೆದು, ಒರೆಸಿ, ಹಿಂಜ್‌ಗೆ ಕೂರಿಸಲು ಹೆಬ್ಬೆರಳಿನಿಂದ ಒತ್ತಿದೆ. ಟಿಕ್ ಅಂತ ಒಂದು ಸಣ್ಣ ಸದ್ದು. ಮೂಲೆಯಿಂದ ಮಧ್ಯದವರೆಗೆ ಬಿಳಿ ಗೆರೆ ಎದ್ದಿತು. ಆಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಉಳಿದೆರಡು ಗಾಜಿನಲ್ಲೂ ಅದೇ ಬಿರುಕು ಶುರುವಾಗಿತ್ತು. ಅಂದಿನಿಂದ ಹಳೆಯ ಗಾಜು ಕೊಳ್ಳುವ ಮುಂಚೆ ಓರೆ ಬೆಳಕಿನಲ್ಲಿ ತೆಗೆದ ಫೋಟೋ ಕೇಳುತ್ತೇನೆ.

ಎರಡನೆಯದು ಹೆಲ್ಮೆಟ್. ಹಳೆಯ ಹೆಲ್ಮೆಟ್‌ನಲ್ಲಿ ಗಲ್ಲದ ಕೆಳಗಿನ ಪಟ್ಟಿ ತೀರಾ ತೆಳು. ಹಾಕಿ ತೆಗೆದು, ಹಾಕಿ ತೆಗೆದು ಅದು ಸರಿಯಾಗಿ ನಡುವೆ ಮುರಿಯುತ್ತದೆ. ಮಾರಾಟದ ಫೋಟೋಗಳಲ್ಲಿ ಮುರಿದ ಹೆಲ್ಮೆಟ್ ಎಷ್ಟು ಸಾಮಾನ್ಯ ಅಂದರೆ, ಮುರಿಯದ್ದು ಕಂಡರೆ ಬೆಲೆ ಜಾಸ್ತಿ ಅಂತಲೇ ತಿಳಿಯಿರಿ. ಎದೆಯ ಮೇಲಿನ ಚಿನ್ನದ ಬಣ್ಣದ ಗುರುತೂ ಉಜ್ಜಿ ಉಜ್ಜಿ ಮಾಸಿರುತ್ತದೆ. ಗಗನಯಾತ್ರಿಯ ಬಣ್ಣ ನೋಡಿ ಕಾಲವನ್ನೂ ಅಂದಾಜು ಮಾಡಬಹುದು. ಕೆಂಪು ಮತ್ತು ಬಿಳಿ 1978ರಿಂದ, ಹಳದಿ 1979ರಿಂದ, ನೀಲಿ ಮತ್ತು ಕಪ್ಪು 1984ರಿಂದ. 1979ರ ಸೆಟ್ ಅಂತ ಹೇಳಿ ನೀಲಿ ಗಗನಯಾತ್ರಿ ಕೊಟ್ಟರೆ ಅದು ಬೇರೆ ಕಡೆಯಿಂದ ಸೇರಿಸಿದ್ದು.

ಬಿಸಿಲಿಗೆ ಬೂದು, ಬಿಳಿ ತುಂಡುಗಳು ಹಳದಿಗಟ್ಟುತ್ತವೆ. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ ಬೆಳಕಿಗೆ ಇಟ್ಟರೆ ಹಳದಿ ಹೋಗುತ್ತದೆ. ಆದರೆ ಅದು ಮತ್ತೆ ಬರಬಹುದು, ಮೇಲ್ಮೈಯಲ್ಲಿ ಕಲೆ ಏಳಲೂಬಹುದು. ಮಕ್ಕಳ ಕೈಗೆ ಸಿಗದ ಕಡೆ, ಕೈಗವಸು ಹಾಕಿಕೊಂಡು ಮಾಡುವ ಕೆಲಸ ಅದು. ಬರೀ ಧೂಳಿದ್ದರೆ ಉಗುರುಬೆಚ್ಚಗಿನ ಸೋಪಿನ ನೀರು ಸಾಕು. 40 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ.

ಆಟಕ್ಕೆ ಹಳೆಯ ಸೆಟ್ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಸಂಗ್ರಹಕ್ಕೆ, ನೆನಪಿಗೆ, ಪ್ರೀತಿಗೆ ಕೊಳ್ಳಿ. ಬಾಲ್ಯದಲ್ಲಿ ಕೈಗೆ ಸಿಗದೇ ಹೋದ ಸೆಟ್ ಒಂದಿದ್ದರೆ ಅದೊಂದನ್ನು ಕೊಳ್ಳಿ. ಆದರೆ ಇಡೀ ಬಜೆಟ್ ಅದಕ್ಕೇ ಸುರಿದರೆ ಕಟ್ಟಲು ನಿಮ್ಮ ಕೈಯಲ್ಲಿ ಉಳಿಯುವುದು ನಾಜೂಕಾದ 338 ತುಂಡು.

ಹಳೇ ನೋಟದ ಹೊಸ ಸೆಟ್

ಲೆಗೋ ಕಂಪನಿ ಶುರುವಾದದ್ದು 1932ರಲ್ಲಿ. ಅದರ 90 ವರ್ಷದ ನೆನಪಿಗೆ 2022ರಲ್ಲಿ ಗ್ಯಾಲಕ್ಸಿ ಎಕ್ಸ್‌ಪ್ಲೋರರನ್ನು ಹೊಸದಾಗಿ ತಂದರು. ನಂಬರ್ 10497, ಪೀಸ್ 1254, ಉದ್ದ ಸುಮಾರು 52 ಸೆಂ.ಮೀ. ಹಳೆಯದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ದೊಡ್ಡದು. ಯಾಕೆ ಅಷ್ಟೇ ದೊಡ್ಡದು ಅಂದರೆ, ಚಿಕ್ಕವರಿದ್ದಾಗ ಪುಟ್ಟ ಕೈಯಲ್ಲಿ ಆ ನೌಕೆ ಎಷ್ಟು ದೊಡ್ಡದಾಗಿ ಕಂಡಿತ್ತೋ, ಈಗ ದೊಡ್ಡವರ ಕೈಯಲ್ಲೂ ಅಷ್ಟೇ ದೊಡ್ಡದಾಗಿ ಕಾಣಬೇಕು. ಈ ಯೋಚನೆ ನನಗೆ ತುಂಬಾ ಹಿಡಿಸಿತು.

ಗಟ್ಟಿತನದಲ್ಲಿ ಇದಕ್ಕೆ ಪೂರ್ತಿ ಅಂಕ. ಒಳಗೆ ಟೆಕ್ನಿಕ್ ಬೆನ್ನೆಲುಬು ಇದೆ. ಹಿಂದಿನ ಬಾಗಿಲೂ ಇದೆ, ರೋವರೂ ಇದೆ. ಅದೇ ತುಂಡುಗಳಿಂದ ಆ ಕಾಲದ ಇನ್ನೆರಡು ಚಿಕ್ಕ ನೌಕೆ, 918 ಮತ್ತು 924, ಕಟ್ಟುವ ಸೂಚನೆಯೂ ಇದೆ. ಬಣ್ಣದ ತೊಂದರೆ ಇಲ್ಲ, ಎಲ್ಲವೂ ಹೊಸ ಬೂದು. ಬಿಚ್ಚಿದರೆ ನೀಲಿ, ಬೂದು ಪ್ಲೇಟುಗಳ ದೊಡ್ಡ ರಾಶಿಯೇ ಸಿಗುತ್ತದೆ. ಮುಂದಿನ ಹತ್ತು ರೋವರ್‌ಗೆ ಅದು ಬಂಡವಾಳ.

ಇನ್ನೊಂದು, ಬ್ಲ್ಯಾಕ್‌ಟ್ರಾನ್ ಎಂಬ ಲೆಗೋ ಬಾಹ್ಯಾಕಾಶ ಸಾಲಿನ 2025ರ ರೆನೆಗೇಡ್, ನಂಬರ್ 10355, ಪೀಸ್ 1151. ಅಸಲಿ ರೆನೆಗೇಡ್ ಬಂದದ್ದು 1987ರಲ್ಲಿ. ಕಪ್ಪು ಮೈ, ಹಳದಿ ಗೆರೆ, ಹಳದಿ ಗಾಜು. ಬ್ಲ್ಯಾಕ್‌ಟ್ರಾನ್ ನೌಕೆಗಳ ಸೊಗಸು ಇರುವುದು ಬಿಚ್ಚಿ ಬೇರೆ ಥರ ಜೋಡಿಸುವ ಭಾಗಗಳಲ್ಲಿ. ಎರಡರಲ್ಲಿ ಒಂದು ಅಂದರೆ? ಬಿಚ್ಚಿ ಮತ್ತೆ ಕಟ್ಟುವ ಯೋಚನೆ ಇದ್ದರೆ ಗ್ಯಾಲಕ್ಸಿ ಎಕ್ಸ್‌ಪ್ಲೋರರ್, ಯಾಕೆಂದರೆ ನೀಲಿ ಬೂದು ಎಲ್ಲಕ್ಕೂ ಹೊಂದುತ್ತದೆ. ಕಪಾಟಿನಲ್ಲಿ ಬೇರೆಲ್ಲದರ ನಡುವೆ ಎದ್ದು ಕಾಣಬೇಕು ಅಂದರೆ ರೆನೆಗೇಡ್. ಕಪ್ಪು ತುಂಡಿನ ಮೇಲೆ ಧೂಳು, ಬೆರಳಚ್ಚು ಎರಡೂ ಬೇಗ ಕಾಣುತ್ತವೆ, ಅದು ಗೊತ್ತಿರಲಿ.

ಇಂಥ ನೆನಪಿನ ಸೆಟ್‌ಗಳನ್ನು ಕಂಪನಿ ಕೆಲವು ವರ್ಷ ಮಾತ್ರ ತಯಾರಿಸುತ್ತದೆ. ನಿಂತ ಮೇಲೆ ಕೈ ಬದಲಾದಂತೆ ಬೆಲೆ ಏರುತ್ತದೆ. ಏರಿದ ಬೆಲೆ ಕೊಡಬೇಕಾದರೆ ಮುಂದೆ ಹೇಳುವ ಬಿಡಿ ತುಂಡುಗಳ ದಾರಿಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ.

ಇಷ್ಟು ದೊಡ್ಡದು ಬೇಡ ಅಂದರೆ ಲೆಗೋದ ಕ್ರಿಯೇಟರ್ ಸಾಲಿನ ಒಂದರಲ್ಲೇ ಮೂರು ಸೆಟ್‌ಗಳಿವೆ. 2020ರ ಸ್ಪೇಸ್ ರೋವರ್ ಎಕ್ಸ್‌ಪ್ಲೋರರ್, ನಂಬರ್ 31107, 510 ಪೀಸ್. ಒಂದೇ ಪೆಟ್ಟಿಗೆಯಿಂದ ರೋವರ್, ನೆಲೆ, ಹಾರುವ ವಾಹನ. ನೋಟ ಪೂರ್ತಿ ಹಳೆಯದಲ್ಲ. ಆದರೆ ಮಗುವಿಗೆ ಬಿಚ್ಚಿ ಕಟ್ಟುವ ಧೈರ್ಯ ಬರುವುದು ಇಂಥ ಸೆಟ್‌ನಿಂದಲೇ. ಸೂಚನೆ ಪುಸ್ತಕವೇ ಮೂರು ಸಲ ಬಿಚ್ಚು ಅನ್ನುತ್ತದಲ್ಲ, ನಾಲ್ಕನೇ ಸಲ ಮಗು ತಾನಾಗಿ ಬಿಚ್ಚುತ್ತದೆ.

ಬಿಡಿ ತುಂಡು ಕೊಂಡು ಸ್ವಂತ ಕಟ್ಟುವುದು

ನನಗೆ ಎಲ್ಲಕ್ಕಿಂತ ಇಷ್ಟ ಇದು. ಬ್ರಿಕ್‌ಲಿಂಕ್ ಎಂಬ ಆನ್‌ಲೈನ್ ಸಂತೆ 2000ದಿಂದ ಇದೆ, 2019ರಲ್ಲಿ ಲೆಗೋ ಕಂಪನಿಯೇ ಅದನ್ನು ಕೊಂಡಿತು. ಅಲ್ಲಿ ಒಂದೊಂದೇ ತುಂಡನ್ನು ಬಣ್ಣ ಹೇಳಿ ಕೊಳ್ಳಬಹುದು. ಬೇರೆಯವರು ವಿನ್ಯಾಸ ಮಾಡಿದ ಮಾಡೆಲ್‌ಗಳ ಸೂಚನೆ ಬೇಕಾದರೆ ರೀಬ್ರಿಕಬಲ್ ಎಂಬ ಜಾಲತಾಣ ಇದೆ. ನಿಮ್ಮಲ್ಲಿರುವ ಸೆಟ್‌ಗಳ ನಂಬರ್ ಹಾಕಿದರೆ ಏನೇನು ಕಟ್ಟಬಹುದು ಅಂತ ಅದೇ ತೋರಿಸುತ್ತದೆ.

ಇಲ್ಲಿ ಮೋಸ ಹೋಗುವುದು ಬೆಲೆಯಲ್ಲಿ ಅಲ್ಲ, ಸಾಗಣೆ ಖರ್ಚಿನಲ್ಲಿ. ಒಬ್ಬ ಮಾರಾಟಗಾರರ ಹತ್ತಿರ ಗಾಜು, ಇನ್ನೊಬ್ಬರ ಹತ್ತಿರ ಚಕ್ರ, ಮತ್ತೊಬ್ಬರ ಹತ್ತಿರ ಗಗನಯಾತ್ರಿ ಅಂತ ಕೊಂಡರೆ ತುಂಡಿಗಿಂತ ಅಂಚೆಗೇ ಜಾಸ್ತಿ ಹೋಗುತ್ತದೆ. ಮೊದಲು ಪಟ್ಟಿ ಮಾಡಿ. ಪಟ್ಟಿಯ ಬಹುಪಾಲು ಒಂದೇ ಕಡೆ ಸಿಗುವ ಮಾರಾಟಗಾರರನ್ನು ಹುಡುಕಿ. ಅಲ್ಲಿ ಸಿಗದ ತುಂಡಿಗೆ ನಿಮ್ಮ ವಿನ್ಯಾಸವನ್ನೇ ಸ್ವಲ್ಪ ಬದಲಾಯಿಸಿ.

ಮುಂಚೆ ಹೇಳಿದ ಮಾತು ಕೆಲಸಕ್ಕೆ ಬರುವುದು ಇಲ್ಲಿ. ದುಡ್ಡನ್ನು ಹಳದಿ ಗಾಜಿಗೆ, ಒಬ್ಬಿಬ್ಬರು ಗಗನಯಾತ್ರಿಗಳಿಗೆ, ಗುರುತು ಅಚ್ಚಾದ ಒಂದೆರಡು ಬ್ರಿಕ್‌ಗೆ ಹಾಕಿ. ತಟ್ಟೆ, ಆಂಟೆನಾ ಅಗ್ಗಕ್ಕೇ ಸಿಗುತ್ತವೆ. ಮೈಗೆ ಮನೆಯ ಡಬ್ಬದಲ್ಲಿ ಯಾವ ಬಣ್ಣ ಜಾಸ್ತಿ ಇದೆಯೋ ಅದು. ಬಿಳಿ ಇದ್ದರೆ ಬಿಳಿ. 80ರ ದಶಕದಲ್ಲಿ ನೀಲಿ ಗಾಜಿನ ಬಿಳಿ ನೌಕೆಗಳೂ ಬಂದಿದ್ದವು, ಹಾಗಾಗಿ ಅದೂ ಹಳೇ ನೋಟವೇ. ಕೆಂಪು ಮಾತ್ರ ಇದ್ದರೂ ಹೆದರಬೇಡಿ, ಹಳದಿ ಗಾಜು ಕೂರಿಸಿ ನೋಡಿ.

ಗಗನಯಾತ್ರಿ ನಿಂತರೆ ಸುಮಾರು 4 ಸೆಂ.ಮೀ. ಎತ್ತರ. ಬೆನ್ನಿನ ಮೇಲೆ ಆಮ್ಲಜನಕದ ಟ್ಯಾಂಕ್ ಇದ್ದರೆ ಸೀಟಿನ ಹಿಂದೆ ಒಂದು ಸ್ಟಡ್ ಜಾಗ ಜಾಸ್ತಿ ಬಿಡಿ. ಈ ಒಂದು ಸ್ಟಡ್ ಮರೆತು ಇಡೀ ಕಾಕ್‌ಪಿಟ್ ಬಿಚ್ಚಿದವರು ಎಷ್ಟೋ ಜನ.

ತುಂಡು ಕೊಳ್ಳುವ ಮುಂಚೆ ಕಂಪ್ಯೂಟರ್‌ನಲ್ಲಿ ಕಟ್ಟಿ ನೋಡುವುದೂ ಒಳ್ಳೆಯದು. ಬ್ರಿಕ್‌ಲಿಂಕ್‌ನ ಸ್ಟುಡಿಯೋ ತಂತ್ರಾಂಶ ಉಚಿತ. ಕಟ್ಟಿ ಮುಗಿಸಿದರೆ ತುಂಡುಗಳ ಪಟ್ಟಿ ಅದೇ ಕೊಡುತ್ತದೆ. ಆದರೆ ಪರದೆಯ ಮೇಲೆ ರೆಕ್ಕೆ ಯಾವತ್ತೂ ಜೋತುಬೀಳುವುದಿಲ್ಲ. ರೆಕ್ಕೆಯ ಬುಡವನ್ನು ಕೈಯಲ್ಲಿರುವ ಯಾವುದಾದರೂ ಬಣ್ಣದ ತುಂಡುಗಳಿಂದ ಒಮ್ಮೆ ಕಟ್ಟಿ, ಎತ್ತಿ ನೋಡಿ, ಆಮೇಲೆ ಆರ್ಡರ್ ಮಾಡಿ.

ಬೇರೆ ಬ್ರ್ಯಾಂಡಿನ ಬ್ರಿಕ್

ಲೆಗೋ ಬ್ರಿಕ್‌ನ ಪೇಟೆಂಟ್ ಅರ್ಜಿ 1958ರದು, ಅದರ ಅವಧಿ ಮುಗಿದು ಬಹಳ ಕಾಲವಾಯಿತು. ಹಾಗಾಗಿ ಅದಕ್ಕೆ ಹೊಂದುವ ಬ್ರಿಕ್‌ಗಳನ್ನು ಬೇರೆಯವರೂ ಮಾಡಬಹುದು. ಮೈ ತುಂಬಲು, ನೆಲೆ ಕಟ್ಟಲು, ಚಂದ್ರನ ನೆಲ ಮಾಡಲು ಇವು ಧಾರಾಳ ಸಾಕು. ಹಿಡಿತ ಒಂದೊಂದು ಕಡೆ ಒಂದೊಂದು ಥರ, ಒಂದು ತುಂಡು ಸಡಿಲ, ಇನ್ನೊಂದು ಬಿಚ್ಚಲು ಹಲ್ಲು ಬೇಕು ಅನ್ನುವಷ್ಟು ಬಿಗಿ. ಅದಕ್ಕೇ ಹಿಂಜ್, ಚಕ್ರದ ಕಡ್ಡಿ, ಗಾಜು ಈ ಮೂರಕ್ಕೆ ಇವನ್ನು ನಂಬಬೇಡಿ. ಹವ್ಯಾಸಿಗಳ ವಿನ್ಯಾಸ ಕದ್ದು ಪೆಟ್ಟಿಗೆಯಲ್ಲಿ ತುಂಬಿ ಮಾರುವವರೂ ಇದ್ದಾರೆ. ಅಂಥದ್ದು ಎಷ್ಟೇ ಅಗ್ಗವಾಗಿದ್ದರೂ ಬೇಡ. ಯಾರೋ ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಅದು.

ನಿಮಗೆ ಯಾವುದು

ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಸಣ್ಣ ತುಂಡುಗಳ ಯಾವುದೂ ಕೆಳಗಿರಬಾರದು, ನುಂಗುವ ಅಪಾಯ ಇದೆ. ಆ ವಯಸ್ಸಿಗೆ ಲೆಗೋದ್ದೇ ದೊಡ್ಡ ಬ್ರಿಕ್, ಡ್ಯೂಪ್ಲೋ. ಅದು ಎಲ್ಲ ಕಡೆಯಿಂದಲೂ ಎರಡು ಪಟ್ಟು ದೊಡ್ಡದು, ಸಾಮಾನ್ಯ ಬ್ರಿಕ್ ಜೊತೆಗೂ ಹೊಂದುತ್ತದೆ. ಮುಂದೆ ಅದೇ ಡ್ಯೂಪ್ಲೋ ಚಂದ್ರನ ಬೆಟ್ಟ ಆಗುತ್ತದೆ.

ಏಳೆಂಟು ವರ್ಷದ ಮಗುವಿಗೆ ಒಂದರಲ್ಲೇ ಮೂರು ಸೆಟ್, ಜೊತೆಗೆ ಒಂದಿಷ್ಟು ಚಕ್ರ. ದೊಡ್ಡ ಗ್ಯಾಲಕ್ಸಿ ಎಕ್ಸ್‌ಪ್ಲೋರರ್ ಈ ವಯಸ್ಸಿಗೆ ಉದ್ದದ ಕೆಲಸ. ಪಕ್ಕದಲ್ಲಿ ನೀವೂ ಕೂತು ಕಟ್ಟುವುದಾದರೆ ಮಾತ್ರ ತನ್ನಿ.

ವರ್ಷಗಳ ಮೇಲೆ ಮತ್ತೆ ಬ್ರಿಕ್ ಹಿಡಿಯುತ್ತಿದ್ದೀರಿ, ಕೈಯಲ್ಲಿ ಸ್ವಲ್ಪ ದುಡ್ಡೂ ಇದೆ ಅಂದರೆ ಹೊಸ ಆವೃತ್ತಿ. ಅದನ್ನು ಒಮ್ಮೆ ಕಟ್ಟಿದರೆ ರೆಕ್ಕೆ ಗಟ್ಟಿ ಮಾಡುವುದು ಹೇಗೆ ಅಂತ ಕೈಗೇ ಗೊತ್ತಾಗುತ್ತದೆ. ಆಮೇಲೆ ಸ್ವಂತದ್ದು.

ಡಬ್ಬದಲ್ಲಿ ಹಳೆಯ ತುಂಡುಗಳಿವೆ, ಖರ್ಚು ಬೇಡ ಅನ್ನುವವರು ಈ ವಾರವೇ ಆರು ಚಕ್ರದ ರೋವರ್ ಶುರುಮಾಡಿ. ಮೈ ಮುಗಿಸಿ, ಕಾಕ್‌ಪಿಟ್ ಜಾಗ ಬಿಡಿ, ಗಾಜು ಮಾತ್ರ ಕೊಳ್ಳಿ. ಅದು ಬರುವವರೆಗೆ ಗಾಡಿಯನ್ನು ಪುಸ್ತಕಗಳ ಮೆಟ್ಟಿಲ ಮೇಲೆ ಓಡಿಸಿ ನೋಡುತ್ತಿರಿ. ಮೊದಲು ತೆಳ್ಳನೆಯ ಪುಸ್ತಕ, ಆಮೇಲೆ ದಪ್ಪದ್ದು. ಎಲ್ಲಿ ಮೂತಿ ತಾಗಿ ನಿಲ್ಲುತ್ತದೋ ಅಲ್ಲಿ ಮುಂದಿನ ಚಕ್ರವನ್ನು ಒಂದು ಸ್ಟಡ್ ಮುಂದಕ್ಕೆ ತನ್ನಿ.